ಕಳವಳಗೊಂಡ ಹೃದಯವೂ ಗಿಡಮೂಲಿಕೆಯ ಮದ್ದೂ

ಮನುಷ್ಯನ ದೌರ್ಬಲ್ಯವು ಅವನನ್ನು ಸೃಷ್ಟಿಸಿದ ಅಲ್ಲಾಹನಿಗಿಂತ ಹೆಚ್ಚಾಗಿ ಇನ್ನಾರಿಗೂ ತಿಳಿದಿಲ್ಲ. ಕಷ್ಟ ತಟ್ಟಿದೊಡನೆ ತಳಮಳಗೊಳ್ಳುವುದು, ಸುಖ ದೊರೆತೊಡನೆ ಕೈ ಬಿಗಿಹಿಡಿಯುವುದು ಮನುಷ್ಯನ ಹುಟ್ಟುಗುಣವೆಂದು ಪವಿತ್ರ ಕುರ್‌ಆನ್ 'ಅಲ್ ಮಆರಿಜ್' ಅಧ್ಯಾಯದಲ್ಲಿ ನಮಗೆ ತಿಳಿಸಿದೆ. ಅಲ್ಲಿಯೇ ನಮಾಝನ್ನು ನಿತ್ಯವೂ ಪಾಲಿಸುವ, ತಮ್ಮ ಸಂಪತ್ತಿನಲ್ಲಿ ಬಡವನ ಹಕ್ಕನ್ನು ಒಪ್ಪಿಕೊಳ್ಳುವ ಜನರನ್ನು ಪ್ರತ್ಯೇಕವಾಗಿ ಎತ್ತಿ ಹೇಳಿದೆ. ತಳಮಳ ಮನುಷ್ಯನಲ್ಲಿದೆ, ಅದನ್ನು ಹದ್ದಿನಲ್ಲಿಡುವ ದಾರಿಯೂ ಅವನಿಗೆ ಕೊಡಲ್ಪಟ್ಟಿದೆ ಎಂಬುದೇ ಇದರ ತಾತ್ಪರ್ಯ.

ಮದ್ರಸದ ಬಾಗಿಲಲ್ಲಿ ಮಕ್ಕಳನ್ನು ಕರೆದೊಯ್ಯಲು ಬರುವ ತಾಯಂದಿರು, ಜುಮುಅದ ಬಳಿಕ ಮೆಲ್ಲನೆ ಪಕ್ಕಕ್ಕೆ ಕರೆದು ಮಾತಾಡುವ ಹಿರಿಯರು ನನ್ನಲ್ಲಿ ಆಗಾಗ ಕೇಳುವ ಪ್ರಶ್ನೆಯೊಂದಿದೆ. "ಉಸ್ತಾದರೇ, ರಾತ್ರಿ ನಿದ್ದೆ ಹತ್ತುವುದಿಲ್ಲ. ಎದೆ ಢವಢವ ಎನ್ನುತ್ತದೆ. ಏನೋ ಆಗಿಬಿಡುತ್ತದೆ ಎಂಬ ಹೆದರಿಕೆ. ಡಾಕ್ಟರ ಬಳಿ ಹೋದರೆ ತಲೆಯ ಮಾತ್ರೆ ಕೊಡುತ್ತಾರೆ. ಕರಿಜೀರಿಗೆ, ಜೇನು ತಿಂದರೆ ಸಾಕಲ್ಲವೇ? ಹಕೀಮರ ಪುಡಿ ಒಳ್ಳೆಯದಲ್ಲವೇ?" ಕೇಳುವ ದನಿಯಲ್ಲಿ ನೋವಿಗಿಂತ ನಾಚಿಕೆಯೇ ಹೆಚ್ಚು. ಪ್ರಶ್ನೆ ಒಂದೇ ಎಂದು ತೋರಿದರೂ ಅದರೊಳಗೆ ಮೂರು ಪ್ರಶ್ನೆಗಳಿವೆ. ಕಳವಳ ಪಡುವುದು ಈಮಾನಿನ ಕೊರತೆಯೇ? ಅದಕ್ಕೆ ಮದ್ದು ಹುಡುಕಬಹುದೇ? ಗಿಡಮೂಲಿಕೆಗಳಿಂದ ನಿಜಕ್ಕೂ ಉಪಶಮನ ದೊರೆಯುತ್ತದೆಯೇ? ಒಂದೊಂದನ್ನೇ ನೋಡೋಣ.

ಕಳವಳವು ಈಮಾನಿನ ಕೊರತೆಯೇ?

ನಮ್ಮ ಮನೆಗಳಲ್ಲಿ ಬಹುಬೇಗ ಹೊರಡುವ ಮಾತೊಂದಿದೆ: "ನಮಾಝ್ ಸರಿಯಾಗಿ ಮಾಡಿದರೆ ಇದೆಲ್ಲ ಬರುವುದಿಲ್ಲ." ಹೇಳುವವರ ಉದ್ದೇಶ ಒಳ್ಳೆಯದಿರಬಹುದು. ಆದರೆ ಆ ಮಾತು ಕೇಳಿದವಳು ಅಂದಿನಿಂದ ತನ್ನ ಕಾಯಿಲೆಯನ್ನು ಬಚ್ಚಿಡಲು ಕಲಿಯುತ್ತಾಳೆ.

ಹ. ಯಅ್‌ಕೂಬ್(ಅ)ರನ್ನು ನೆನೆಯೋಣ. ಮಗನ ಅಗಲಿಕೆಯ ದುಃಖದಿಂದ ಅವರ ಕಣ್ಣುಗಳು ಬಿಳಿಯಾದುವೆಂದು ಕುರ್‌ಆನ್ ತಿಳಿಸುತ್ತದೆ. ಅವರು ತಮ್ಮ ವ್ಯಥೆಯನ್ನು ಅಲ್ಲಾಹನಲ್ಲಿ ತೋಡಿಕೊಂಡರು. ಆದರೂ ಅವರ ದುಃಖ ದುಃಖವೇ ಆಗಿತ್ತು, ಅದು ಅವರ ದೇಹವನ್ನೂ ತಟ್ಟಿತ್ತು. ಪ್ರವಾದಿಯೊಬ್ಬರ ಈಮಾನನ್ನು ನಾವು ಅಳೆಯಬಲ್ಲೆವೇ? ಜಾದೂಗಾರರ ಹಗ್ಗಗಳು ಹಾವಿನಂತೆ ಹರಿದಾಡಿದಾಗ ಹ. ಮೂಸಾ(ಅ)ರ ಮನಸ್ಸಿನಲ್ಲಿ ಭಯ ಮೂಡಿತು. ಗುಹೆಯ ಬಾಯಿಗೆ ಶತ್ರುಗಳು ಬಂದು ನಿಂತಾಗ ಹ. ಅಬೂಬಕರ್(ರ) ಕಳವಳಗೊಂಡರು. ಆಗ ಪ್ರವಾದಿವರ್ಯರು(ಸ) ಅವರನ್ನು ಗದರಿಸಲಿಲ್ಲ, ಅಲ್ಲಾಹನು ನಮ್ಮ ಜೊತೆಗಿದ್ದಾನೆಂದು ಹೇಳಿ ಸಂತೈಸಿದರು.

ಪ್ರವಾದಿವರ್ಯರು(ಸ) ಪದೇ ಪದೇ ಬೇಡುತ್ತಿದ್ದ ದುಆವೊಂದನ್ನು ಹ. ಅನಸ್(ರ) ವರದಿ ಮಾಡಿದ್ದಾರೆ. ಅದರಲ್ಲಿ ಅಲ್ಲಾಹನ ಅಭಯ ಕೋರುವ ಮೊದಲ ಎರಡು ಸಂಗತಿಗಳು 'ಹಮ್ಮ್' ಮತ್ತು 'ಹಝನ್'. ಮುಂದೆ ಏನಾಗುವುದೋ ಎಂಬ ಚಿಂತೆ 'ಹಮ್ಮ್' ಎಂದೂ ಆಗಿಹೋದುದರ ಬಗೆಗಿನ ದುಃಖ 'ಹಝನ್' ಎಂದೂ ವಿದ್ವಾಂಸರು ವಿವರಿಸಿದ್ದಾರೆ. ಸಾಲಕ್ಕೂ ಸೋಮಾರಿತನಕ್ಕೂ ಮೊದಲೇ ಈ ಎರಡನ್ನು ಹೆಸರಿಸಿರುವುದನ್ನು ಗಮನಿಸಿರಿ. ಕಳವಳವು ಬಾಧೆಯೆಂದು ಪ್ರವಾದಿವರ್ಯರೇ(ಸ) ಒಪ್ಪಿಕೊಂಡಿದ್ದಾರೆ. ಹೀಗಿರುವಾಗ ಬಾಧೆಪಡುವವರನ್ನು ಅಪರಾಧಿಗಳಂತೆ ಕಾಣಲು ನಮಗೇನು ಅಧಿಕಾರ?

ಮದ್ದು ಹುಡುಕುವುದು ತವಕ್ಕುಲ್‌ಗೆ ವಿರುದ್ಧವೇ?

ಹಳ್ಳಿಗಾಡಿನ ಅರಬರು ಬಂದು, ನಾವು ಔಷಧೋಪಚಾರ ಮಾಡಬೇಕೇ ಎಂದು ಪ್ರವಾದಿವರ್ಯರಲ್ಲಿ(ಸ) ವಿಚಾರಿಸಿದರು. ಮಾಡಿರೆಂದೇ ಅವರು ಉತ್ತರಿಸಿದರು. ಮುಪ್ಪೊಂದನ್ನು ಬಿಟ್ಟು ಅಲ್ಲಾಹನು ಇಳಿಸಿದ ಪ್ರತಿಯೊಂದು ರೋಗಕ್ಕೂ ಮದ್ದನ್ನು ಇಳಿಸಿರುವನೆಂದು ತಿಳಿಸಿದರು. ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿ ಈ ಹದೀಸ್ ಇದೆ. ದೇಹದ ರೋಗಕ್ಕೆ ಮಾತ್ರ, ಮನಸ್ಸಿನ ರೋಗಕ್ಕಲ್ಲ ಎಂಬ ವಿಂಗಡಣೆ ಅದರಲ್ಲಿಲ್ಲ. ಒಂಟೆಯನ್ನು ಕಟ್ಟಿಹಾಕಿ ಆಮೇಲೆ ಭರವಸೆಯಿಡಲು ಹೇಳಿದ ಪ್ರಸಂಗವಂತೂ ಮಕ್ಕಳಿಗೂ ಗೊತ್ತು.

ಕುರ್‌ಆನಿನಲ್ಲಿ ಇನ್ನೂ ಹತ್ತಿರದ ಉದಾಹರಣೆಗಳಿವೆ. ಹ. ಮರ್ಯಮ್(ಅ)ರ ಸಂಕಟವನ್ನು ನೋಡಿರಿ. ಹೆರಿಗೆಯ ನೋವು ಒಂದೆಡೆ, ಜನ ಏನೆನ್ನುವರೋ ಎಂಬ ಭೀತಿ ಇನ್ನೊಂದೆಡೆ. ಇದಕ್ಕೆ ಮೊದಲೇ ಸತ್ತುಹೋಗಬಾರದಿತ್ತೇ ಎನ್ನುವಷ್ಟರ ಮಟ್ಟಿಗೆ ಅವರು ನೊಂದಿದ್ದರು. ಆಗ ಅವರಿಗೆ ದೊರೆತ ಸಾಂತ್ವನದಲ್ಲಿ ದುಃಖಿಸಬೇಡವೆಂಬ ಮಾತಿತ್ತು. ಆ ಮಾತಿನ ಬೆನ್ನಿಗೇ ಕಾಲ ಬುಡದಲ್ಲಿ ಹರಿಯುವ ನೀರಿತ್ತು, ಖರ್ಜೂರದ ಮರವನ್ನು ಅಲುಗಿಸಲು ಆದೇಶವಿತ್ತು, ತಿಂದು ಕುಡಿದು ಕಣ್ಣು ತಂಪಾಗಿಸಿಕೊಳ್ಳಲು ಹೇಳಲಾಗಿತ್ತು. ನೊಂದ ಹೆಣ್ಣುಮಗಳಿಗೆ ಅಲ್ಲಾಹನು ಉಪದೇಶವನ್ನಷ್ಟೇ ಕೊಡಲಿಲ್ಲ, ಆಹಾರವನ್ನೂ ಕೊಟ್ಟನು.

ಹ. ಮೂಸಾ(ಅ)ರ ತಾಯಿಯ ಹೃದಯ ಮಗುವನ್ನು ನದಿಯಲ್ಲಿ ಬಿಟ್ಟ ಬಳಿಕ ಬರಿದಾಗಿ ಹೋಗಿತ್ತು. ಅಲ್ಲಾಹನು ಅದನ್ನು ದೃಢಗೊಳಿಸಿದನು. ಆಕೆ ಕೈಕಟ್ಟಿ ಕೂರಲಿಲ್ಲ, ಮಗುವಿನ ಅಕ್ಕನನ್ನು ದಡದುದ್ದಕ್ಕೂ ಹಿಂಬಾಲಿಸಲು ಕಳುಹಿಸಿದಳು. ತವಕ್ಕುಲ್ ಎಂದರೆ ಇದು. ಹೃದಯ ಅಲ್ಲಾಹನಲ್ಲಿ ನೆಲೆಸಿರಬೇಕು, ಕೈಕಾಲು ಕೆಲಸದಲ್ಲಿ ತೊಡಗಿರಬೇಕು.

ತಲ್ಬೀನ: 'ಒಂದಷ್ಟು' ಎಂಬ ಮಾತು

ಈಗ ಮುಖ್ಯ ವಿಷಯಕ್ಕೆ ಬರೋಣ. ಆಹಾರವೋ ಮೂಲಿಕೆಯೋ ನೊಂದ ಹೃದಯಕ್ಕೆ ನೆರವಾಗಬಲ್ಲುದೇ ಎಂಬುದಕ್ಕೆ ಬುಖಾರಿ ಮತ್ತು ಮುಸ್ಲಿಮ್ ವರದಿ ಮಾಡಿದ ತಲ್ಬೀನದ ಹದೀಸಿಗಿಂತ ಸ್ಪಷ್ಟ ಮಾರ್ಗದರ್ಶನ ಇನ್ನೊಂದಿಲ್ಲ. ಹ. ಆಇಶಾ(ರ)ರ ಕುಟುಂಬದಲ್ಲಿ ಯಾರಾದರೂ ತೀರಿಕೊಂಡರೆ ಹೆಂಗಸರು ಸೇರುತ್ತಿದ್ದರು. ಬಂದವರೆಲ್ಲ ಹಿಂದಿರುಗಿ ಮನೆಯವರೂ ಆಪ್ತರೂ ಮಾತ್ರ ಉಳಿದಾಗ, ಒಂದು ಪಾತ್ರೆ ತಲ್ಬೀನ ಬೇಯಿಸಲು ಅವರು ಹೇಳುತ್ತಿದ್ದರು. ರೊಟ್ಟಿಯ 'ಸರೀದ್' ತಯಾರಿಸಿ ಅದರ ಮೇಲೆ ಅದನ್ನು ಸುರಿದು ತಿನ್ನಿಸುತ್ತಿದ್ದರು. ತಲ್ಬೀನವು ರೋಗಿಯ ಹೃದಯಕ್ಕೆ ನೆಮ್ಮದಿ ನೀಡುತ್ತದೆ, ದುಃಖವನ್ನು ಒಂದಷ್ಟು ಕಡಿಮೆ ಮಾಡುತ್ತದೆ ಎಂಬ ಆಶಯದ ಮಾತನ್ನು ಪ್ರವಾದಿವರ್ಯರಿಂದ(ಸ) ಕೇಳಿದುದಾಗಿ ಅವರು ತಿಳಿಸಿದ್ದಾರೆ.

ತಲ್ಬೀನವೆಂದರೆ ಜವೆಗೋಧಿಯ, ಅಂದರೆ ನಮ್ಮ ಅಂಗಡಿಗಳಲ್ಲಿ ಬಾರ್ಲಿ ಎಂದು ಸಿಗುವ ಧಾನ್ಯದ ಹಿಟ್ಟಿನ ತೆಳು ಗಂಜಿ. ಬಿಳುಪಿನಲ್ಲೂ ತೆಳುವಿನಲ್ಲೂ ಅದು ಹಾಲನ್ನು ಹೋಲುವುದರಿಂದ, ಹಾಲು ಎಂಬರ್ಥದ 'ಲಬನ್' ಪದದಿಂದ ಆ ಹೆಸರು ಬಂದಿದೆ. ಎರಡು ಚಮಚ ಹಿಟ್ಟನ್ನು ಒಂದು ದೊಡ್ಡ ಲೋಟ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಹತ್ತು-ಹದಿನೈದು ನಿಮಿಷ ತಿರುವುತ್ತಾ ಬೇಯಿಸಿ, ಹಾಲು ಬೆರೆಸಿ, ಬಿಸಿ ಆರಿದ ಮೇಲೆ ಸ್ವಲ್ಪ ಜೇನು ಸೇರಿಸಿದರಾಯಿತು. ಸಕ್ಕರೆ ಕಾಯಿಲೆಯವರು ಜೇನನ್ನು ಬಿಡಬೇಕು.

ಈ ಹದೀಸಿನಲ್ಲಿ ಎರಡು ಸಂಗತಿಗಳು ನಮ್ಮ ಗಮನ ಸೆಳೆಯಬೇಕು. ಮೊದಲನೆಯದು, 'ಒಂದಷ್ಟು' ಎಂಬ ಮಾತು. ದುಃಖವನ್ನು ಪೂರ್ತಿಯಾಗಿ ತೊಡೆದುಹಾಕುತ್ತದೆ ಎಂದು ಪ್ರವಾದಿವರ್ಯರು(ಸ) ಹೇಳಲಿಲ್ಲ. ಸತ್ತವರು ಗಂಜಿಯಿಂದ ಹಿಂದಿರುಗಿ ಬರುವುದಿಲ್ಲ. ಆದರೆ ಅತ್ತು ಅತ್ತು ಊಟ ಬಿಟ್ಟು ಸೊರಗಿದ ದೇಹಕ್ಕೆ ಬಿಸಿ ಗಂಜಿ ಇಳಿದಾಗ ಮನಸ್ಸಿಗೂ ತುಸು ಆಧಾರ ಸಿಗುತ್ತದೆ. ಇಂದು ಬಣ್ಣದ ಡಬ್ಬಿಗಳ ಮೇಲೆ 'ಸಂಪೂರ್ಣ ಪರಿಹಾರ' ಎಂದು ಅಚ್ಚು ಹಾಕಿ ಮಾರುವವರು ಪ್ರವಾದಿವರ್ಯರು(ಸ) ತೋರಿದ ಈ ಮಿತಿಯನ್ನು ಕಲಿಯಬೇಕು.

ಎರಡನೆಯದು, ಆ ಗಂಜಿಯನ್ನು ಬೇಯಿಸಿದ ಸಮಯ. ಜನರೆಲ್ಲ ಹೋದ ಮೇಲೆ, ಮನೆ ಮೌನವಾದ ಮೇಲೆ, ದುಃಖ ನಿಜವಾಗಿ ಬಂದು ಕೂರುವ ಹೊತ್ತಿಗೆ ಅದನ್ನು ಬೇಯಿಸಲಾಗುತ್ತಿತ್ತು. ಒಬ್ಬರು ಬೇಯಿಸಿದರು, ಎಲ್ಲರೂ ಜೊತೆಗೆ ಕೂತು ತಿಂದರು. ಗಂಜಿಯಲ್ಲಿ ಎಷ್ಟು ಶಕ್ತಿಯಿದೆಯೋ, ಬೇಯಿಸಿಕೊಟ್ಟ ಕೈಯಲ್ಲಿಯೂ ಅಷ್ಟೇ ಇದೆ. 2013ರಲ್ಲಿ ಮಲೇಷ್ಯಾದ ವೃದ್ಧರ ಆಶ್ರಯ ಕೇಂದ್ರಗಳಲ್ಲಿ ಮೂವತ್ತು ಮಂದಿಯ ಮೇಲೆ ನಡೆಸಿದ ಪರೀಕ್ಷೆಯಲ್ಲಿ ತಲ್ಬೀನ ಸೇವಿಸಿದಾಗ ಮನಸ್ಸಿನ ಕುಗ್ಗುವಿಕೆ ಕಡಿಮೆಯಾದುದು ಕಂಡುಬಂದಿದೆ. ಇದು ಸಣ್ಣ ಪರೀಕ್ಷೆ. ಇದನ್ನು ದೊಡ್ಡದು ಮಾಡಿ ಸಾರುವ ಅಗತ್ಯ ಹದೀಸಿಗೂ ಇಲ್ಲ, ನಮಗೂ ಇಲ್ಲ.

ಪೂರ್ವಿಕರ ವಿವೇಕ

ಮನಸ್ಸಿನ ಕಾಯಿಲೆಯ ಚಿಕಿತ್ಸೆ ಪಾಶ್ಚಾತ್ಯರ ಕಲ್ಪನೆಯೆಂದು ಭಾವಿಸುವವರು ಅಬೂ ಝೈದ್ ಅಲ್ ಬಲ್ಖೀಯವರನ್ನು ಓದಬೇಕು. ಅವರು ತೀರಿಕೊಂಡದ್ದು 934ರಲ್ಲಿ. ದೇಹ ಮತ್ತು ಮನಸ್ಸುಗಳ ಆರೋಗ್ಯದ ಕುರಿತು ಗ್ರಂಥ ಬರೆದ ಅವರು ಭಯ, ದುಃಖ, ಕೋಪ, ಬಿಡದೆ ಕಾಡುವ ವಸ್‌ವಾಸ್ ಇವುಗಳನ್ನು ಬೇರೆ ಬೇರೆಯಾಗಿ ವಿವರಿಸಿದ್ದಾರೆ. ತುರ್ತಿಗೆಂದು ಮನೆಯಲ್ಲಿ ಔಷಧಿ ಕೂಡಿಡುವಂತೆ, ಮನಸ್ಸು ಸ್ವಸ್ಥವಾಗಿರುವಾಗಲೇ ಒಳ್ಳೆಯ ಯೋಚನೆಗಳನ್ನು ಕೂಡಿಡಬೇಕೆಂಬುದು ಅವರ ಸಲಹೆ. ಕಳವಳಕ್ಕೆ ಒಳ್ಳೆಯ ಮಾತೂ ಚಿಕಿತ್ಸೆಯೇ ಎಂಬುದನ್ನು ಅವರು ಸಾವಿರ ವರ್ಷಗಳಿಗೂ ಹಿಂದೆ ಗುರುತಿಸಿದ್ದರು.

ಇಬ್ನು ಸೀನಾ (980-1037) ಹೃದಯದ ಮದ್ದುಗಳ ಬಗ್ಗೆಯೇ ಒಂದು ಪುಸ್ತಕ ಬರೆದರು. ಹೃದಯವನ್ನು ಉಲ್ಲಾಸಗೊಳಿಸುವ ಮೂಲಿಕೆಗಳಿಗೆ ಯೂನಾನಿ ವೈದ್ಯದಲ್ಲಿ 'ಮುಫರ್‍ರಿಹ್' ಎಂಬ ಹೆಸರಿದೆ. ಕೇಸರಿ, ಗಾವಝಬಾನ್, ಉಸ್ತುಖುದ್ದೂಸ್ ಮುಂತಾದವುಗಳನ್ನು ಹಕೀಮರು ಇಂದಿಗೂ ಬಳಸುತ್ತಾರೆ. ಖಮೀರಾ ಗಾವಝಬಾನ್ ಡಬ್ಬಿ ನಮ್ಮಲ್ಲಿ ಅನೇಕ ಹಿರಿಯರ ಕಪಾಟಿನಲ್ಲಿದೆ. ಆದರೆ ಆ ಹಕೀಮರು ನಾಡಿ ನೋಡದೆ, ನಿದ್ದೆ-ಊಟ-ಶೌಚ ವಿಚಾರಿಸದೆ ಮದ್ದು ಕೊಟ್ಟವರಲ್ಲ. ಅವರ ಮದ್ದಿನ ಹೆಸರನ್ನು ಉಳಿಸಿಕೊಂಡ ನಾವು ಅವರ ವಿಚಾರಣೆಯ ಪದ್ಧತಿಯನ್ನು ಕೈಬಿಟ್ಟಿದ್ದೇವೆ.

ಯಾವ ಮೂಲಿಕೆ, ಎಷ್ಟು ಪ್ರಯೋಜನ?

ಮೂಲಿಕೆಗಳಿಂದ ಕಳವಳ ಕಡಿಮೆಯಾಗುತ್ತದೆಯೇ ಎಂಬುದನ್ನು ಇಂದು ಪರೀಕ್ಷಿಸಿ ನೋಡುವ ಕ್ರಮವಿದೆ. ಕೆಲವರಿಗೆ ಮದ್ದು, ಇನ್ನು ಕೆಲವರಿಗೆ ಮದ್ದಿನಂತೆಯೇ ಕಾಣುವ ಬರಿಯ ಗುಳಿಗೆ ಕೊಟ್ಟು, ಯಾರಿಗೆ ಯಾವುದೆಂದು ತಿಳಿಸದೆ ಪರಿಣಾಮವನ್ನು ಹೋಲಿಸುತ್ತಾರೆ. ಏಕೆಂದರೆ, ಮದ್ದು ಸೇವಿಸಿದ್ದೇನೆಂಬ ನಂಬಿಕೆಯೇ ಕಳವಳವನ್ನು ಸ್ವಲ್ಪ ಇಳಿಸುತ್ತದೆ.

ಯೂನಾನಿಯಲ್ಲಿ ಬಾಬೂನಾ ಎನ್ನುವ ಹೂವನ್ನು ಪಶ್ಚಿಮದಲ್ಲಿ ಕ್ಯಾಮೊಮೈಲ್ ಎನ್ನುತ್ತಾರೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು 57 ರೋಗಿಗಳಿಗೆ ಎಂಟು ವಾರ ಅದರ ಸತ್ವವನ್ನು ಕೊಟ್ಟು ನೋಡಿ, 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಾಧಾರಣ ಮಟ್ಟದ ಕಳವಳದಲ್ಲಿ ಅಲ್ಪ ಪ್ರಮಾಣದ ಉಪಶಮನ ಕಂಡುಬಂತು. ಉಸ್ತುಖುದ್ದೂಸ್‌ನ ಹತ್ತಿರದ ಸಂಬಂಧಿ ಲ್ಯಾವೆಂಡರ್. ಜರ್ಮನಿಯಲ್ಲಿ ಅದರ ಎಣ್ಣೆಯ 80 ಮಿಲಿಗ್ರಾಂ ಗುಳಿಗೆಯ ಮೇಲೆ ನಡೆದ ಪರೀಕ್ಷೆಗಳಲ್ಲಿಯೂ ಒಳ್ಳೆಯ ಫಲಿತಾಂಶ ಬಂದಿದೆ.

ಅಶ್ವಗಂಧದ ಬೇರಿನ ಸತ್ವವನ್ನು ಹೈದರಾಬಾದಿನಲ್ಲಿ 64 ಮಂದಿಗೆ ಅರುವತ್ತು ದಿನ ಕೊಟ್ಟು ನೋಡಿದ ಪರೀಕ್ಷೆ 2012ರಲ್ಲಿ ಪ್ರಕಟವಾಯಿತು. ಮನಸ್ಸಿನ ಒತ್ತಡ ಇಳಿದುದು ಅದರಲ್ಲಿ ದಾಖಲಾಗಿದೆ. ಅದೇ ಅಶ್ವಗಂಧದ ಗುಳಿಗೆ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ಬೇರೆ ಬೇರೆ ದೇಶಗಳಿಂದ ವರದಿಯಾಗಿವೆ. ಗರ್ಭಿಣಿಯರೂ ಥೈರಾಯ್ಡ್ ಕಾಯಿಲೆಯವರೂ ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು. ಅಶ್ವಗಂಧಾರಿಷ್ಟದಂತಹ ಅರಿಷ್ಟ ಮತ್ತು ಆಸವಗಳಲ್ಲಿ ಹುದುಗಿನಿಂದ ತಾನಾಗಿ ಉಂಟಾದ ಮದ್ಯಸಾರವಿರುತ್ತದೆ. ಶರಾಬು ಮದ್ದಲ್ಲ, ಅದು ರೋಗವೆಂದು ಪ್ರವಾದಿವರ್ಯರು(ಸ) ತಿಳಿಸಿರುವಾಗ, ಸತ್ಯವಿಶ್ವಾಸಿಗಳು ಬಾಟಲಿಯ ಮೇಲಿನ ಬರಹವನ್ನು ಓದಿ, ತಿಳಿದವರಲ್ಲಿ ವಿಚಾರಿಸಿ, ಪುಡಿ ಅಥವಾ ಗುಳಿಗೆಯ ರೂಪದಲ್ಲಿರುವುದನ್ನು ಆರಿಸಿಕೊಳ್ಳುವುದು ಲೇಸು.

ನಮ್ಮ ಕರಾವಳಿಯ ಗದ್ದೆಯಂಚಿನ ಒಂದೆಲಗ, ತುಳುವಿನ ತಿಮರೆ, ಚಟ್ನಿಯಾಗಿಯೂ ತಂಬುಳಿಯಾಗಿಯೂ ಎಲ್ಲ ಮನೆಗಳಲ್ಲಿ ಬಳಕೆಯಲ್ಲಿದೆ. ಊಟದ ಜೊತೆ ಅದನ್ನು ತಿನ್ನುವುದರಲ್ಲಿ ಕೆಡುಕಿಲ್ಲ. ಆದರೆ ಕಳವಳದ ರೋಗವನ್ನು ಅದು ನೀಗುತ್ತದೆ ಎನ್ನಲು ಸಾಕಷ್ಟು ಆಧಾರವಿಲ್ಲ.

ಇನ್ನು ಕರಿಜೀರಿಗೆ. ಮರಣವೊಂದನ್ನು ಬಿಟ್ಟು ಎಲ್ಲ ರೋಗಗಳಿಗೂ ಅದರಲ್ಲಿ ಶಮನವಿದೆಯೆಂಬ ಹದೀಸ್ ಸಹೀಹ್ ಆಗಿದೆ. ನಾವು ಅದನ್ನು ನಂಬುತ್ತೇವೆ. ಹಾಗೆಂದು ಎಲ್ಲ ಕಾಯಿಲೆಗೂ ಅದೊಂದನ್ನೇ ನುಂಗಿ ಕುಳಿತುಕೊಳ್ಳಬೇಕೆಂದು ಅದರ ಅರ್ಥವಲ್ಲ. ಮಾತು ಸಾಮಾನ್ಯ ರೂಪದಲ್ಲಿದ್ದರೂ ಅದರ ಉದ್ದೇಶ ನಿರ್ದಿಷ್ಟವೆಂದು ಇಮಾಮ್ ಖತ್ತಾಬೀಯವರಂತಹ ಹದೀಸ್ ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಪ್ರವಾದಿವರ್ಯರೇ(ಸ) ಒಬ್ಬೊಬ್ಬರಿಗೆ ಒಂದೊಂದು ಉಪಚಾರವನ್ನು ಸೂಚಿಸಿದ್ದಾರೆ. ಹ. ಸಅದ್ ಬಿನ್ ಅಬೀ ವಕ್ಕಾಸ್(ರ) ಕಾಯಿಲೆ ಬಿದ್ದಾಗ, ಸಕೀಫ್ ಗೋತ್ರದ ವೈದ್ಯ ಹಾರಿಸ್ ಬಿನ್ ಕಲದನ ಬಳಿಗೆ ಹೋಗಲು ಹೇಳಿದ ವರದಿ ಅಬೂದಾವೂದ್‌ನಲ್ಲಿದೆ. ಬಲ್ಲವನ ಬಳಿಗೆ ಹೋಗುವುದೂ ಸುನ್ನತ್ತೇ.

ಒಟ್ಟಿನಲ್ಲಿ ಹೇಳುವುದಾದರೆ, ಕೆಲವು ಮೂಲಿಕೆಗಳು ಹಗುರವಾದ ಕಳವಳವನ್ನು ಒಂದಷ್ಟು ಇಳಿಸುತ್ತವೆ. ತಲ್ಬೀನದ ಹದೀಸಿನಲ್ಲಿ ನಾವು ಕಂಡ ಅದೇ 'ಒಂದಷ್ಟು' ಇಲ್ಲಿಯೂ ಇದೆ.

ಸರ್ಪಗಂಧದ ಪಾಠ

ಗಿಡದ ಮದ್ದಿನಿಂದ ಅಡ್ಡಪರಿಣಾಮವೇ ಇಲ್ಲವೆಂದು ನಂಬಿದವರು ಸರ್ಪಗಂಧದ ಕಥೆಯನ್ನು ಅರಿಯಬೇಕು. ಹಕೀಮರು ಅಸ್ರೋಲ್ ಎಂದು ಕರೆಯುವ ಈ ಬೇರನ್ನು ಉನ್ಮಾದಕ್ಕೂ ನಿದ್ದೆಯಿಲ್ಲದವರಿಗೂ ಕೊಡುವುದು ನಮ್ಮ ದೇಶದಲ್ಲಿ ಹಳೆಯ ರೂಢಿ. ದಿಲ್ಲಿಯ ತಿಬ್ಬಿಯಾ ಕಾಲೇಜಿನಲ್ಲಿ ಸಲೀಮುಝ್ಝಮಾನ್ ಸಿದ್ದೀಕಿಯವರು 1931ರಲ್ಲಿ ಈ ಬೇರಿನ ಸತ್ವಗಳನ್ನು ಬೇರ್ಪಡಿಸಿದರು. ಅವುಗಳಲ್ಲಿ ಒಂದಕ್ಕೆ ಹಕೀಮ್ ಅಜ್ಮಲ್ ಖಾನರ ಸ್ಮರಣಾರ್ಥ ಅಜ್ಮಲೀನ್ ಎಂದು ಹೆಸರಿಟ್ಟರು. ಇದೇ ಬೇರು ರಕ್ತದೊತ್ತಡವನ್ನು ಇಳಿಸುತ್ತದೆಂದು ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲರು 1949ರಲ್ಲಿ ಪ್ರಕಟಿಸಿದ ಲೇಖನ ಜಗತ್ತಿನ ಗಮನ ಸೆಳೆಯಿತು. 1952ರಲ್ಲಿ ಸ್ವಿಟ್ಝರ್ಲೆಂಡಿನ ವಿಜ್ಞಾನಿಗಳು ಇದರಿಂದ ರಿಸರ್ಪೀನ್ ಎಂಬ ಸತ್ವವನ್ನು ತೆಗೆದರು. ಕೆಲವು ವರ್ಷಗಳ ಕಾಲ ಅದು ಮಾನಸಿಕ ರೋಗಿಗಳಿಗೆ ದೊಡ್ಡ ಮದ್ದೆನಿಸಿತು.

ಆದರೆ ಅದನ್ನು ಸೇವಿಸಿದವರಲ್ಲಿ ಕೆಲವರಿಗೆ ತೀವ್ರವಾದ ಖಿನ್ನತೆ ಉಂಟಾದುದನ್ನು ಅದೇ ದಶಕದ ವೈದ್ಯರು ದಾಖಲಿಸಿದರು. ರಕ್ತದೊತ್ತಡ ಅತಿಯಾಗಿ ಇಳಿಯುವ ಅಪಾಯವೂ ಇತ್ತು. ಕ್ರಮೇಣ ಬೇರೆ ಮದ್ದುಗಳು ಅದರ ಸ್ಥಾನಕ್ಕೆ ಬಂದುವು. ನಮ್ಮ ಪೂರ್ವಿಕರು ಕಂಡುಕೊಂಡ ಬೇರಿನಲ್ಲಿ ನಿಜವಾದ ಶಕ್ತಿಯಿತ್ತು, ಇದು ಹೆಮ್ಮೆಯ ಸಂಗತಿ. ಶಕ್ತಿಯಿದ್ದುದರಿಂದಲೇ ಅದು ಅಳತೆ ತಪ್ಪಿದಾಗ ಹಾನಿಯನ್ನೂ ಮಾಡಿತು, ಇದು ಎಚ್ಚರಿಕೆಯ ಸಂಗತಿ. ಮೂಲಿಕೆಯಲ್ಲಿ ಗುಣವಿದೆ ಎಂದು ಒಪ್ಪುವವನು ಅದಕ್ಕೆ ಅಳತೆಯಿದೆ, ಪಥ್ಯವಿದೆ, ಅಪಾಯವಿದೆ ಎಂಬುದನ್ನೂ ಒಪ್ಪಬೇಕು.

ಕೊಡುವವರ ಹೊಣೆ

ವೈದ್ಯ ಗೊತ್ತಿಲ್ಲದೆ ಚಿಕಿತ್ಸೆ ನೀಡಿದವನು ಹಾನಿಗೆ ಹೊಣೆಗಾರನೆಂಬ ಅರ್ಥದ ಹದೀಸ್ ಅಬೂದಾವೂದ್, ನಸಾಈ ಮತ್ತು ಇಬ್ನು ಮಾಜದಲ್ಲಿದೆ. ನನ್ನಂತಹ ಉಸ್ತಾದರೂ ಈ ಎಚ್ಚರಿಕೆಯಿಂದ ಹೊರತಲ್ಲ. ದುಆ ಹೇಳಿಕೊಡುವುದು ನಮ್ಮ ಕೆಲಸ. ಯಾವ ಪುಡಿ ಎಷ್ಟು ಚಮಚ ಎಂದು ನಿರ್ಧರಿಸುವುದು, ಡಾಕ್ಟರ ಮಾತ್ರೆ ಬಿಡಲು ಹೇಳುವುದು ನಮ್ಮ ಕೆಲಸವಲ್ಲ.

ಹೆಸರಿಲ್ಲದ, ವಿಳಾಸವಿಲ್ಲದ ಪೊಟ್ಟಣಗಳಿಗೆ 'ಸುನ್ನತ್ ಔಷಧಿ' ಎಂಬ ಚೀಟಿ ಅಂಟಿಸಿ ಮಾರುವವರು ಅಲ್ಲಾಹನನ್ನು ಭಯಪಡಬೇಕು. ದೀನಿನ ಹೆಸರಿನಲ್ಲಿ ಮಾರಿದ ವಸ್ತುವನ್ನು ಪ್ರಶ್ನಿಸಲು ಬಡ ತಾಯಂದಿರು ಹೆದರುತ್ತಾರೆ. ಆ ಹೆದರಿಕೆಯಿಂದ ಲಾಭ ಗಳಿಸುವುದು ವ್ಯಾಪಾರವಲ್ಲ, ವಂಚನೆ. ಪೊಟ್ಟಣದೊಳಗೆ ಏನಿರುತ್ತದೆ ಎಂಬುದೂ ಸಣ್ಣ ವಿಷಯವಲ್ಲ. ಅಮೆರಿಕದ ಬಾಸ್ಟನ್ ಪ್ರದೇಶದ ಅಂಗಡಿಗಳಲ್ಲಿ ಮಾರಾಟಕ್ಕಿದ್ದ, ದಕ್ಷಿಣ ಏಷ್ಯಾದಲ್ಲಿ ತಯಾರಾದ ಎಪ್ಪತ್ತು ಬಗೆಯ ಆಯುರ್ವೇದ ಔಷಧಿಗಳನ್ನು ಪರೀಕ್ಷಿಸಿದಾಗ ಹದಿನಾಲ್ಕರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇರುವುದು ಪತ್ತೆಯಾಯಿತೆಂದು 2004ರಲ್ಲಿ ಪ್ರಕಟವಾದ ವರದಿ ತಿಳಿಸುತ್ತದೆ.

ನನಗೆ ಪರಿಚಯವಿರುವ ಮನೆಯೊಂದರ ಸಂಗತಿ ಹೇಳುತ್ತೇನೆ. ಗಂಡ ಗಲ್ಫಿನಲ್ಲಿ, ಮನೆಯಲ್ಲಿ ಅತ್ತೆ ಮತ್ತು ಮೂರು ಮಕ್ಕಳು. ಆ ತಾಯಿಗೆ ಎದೆಬಡಿತ, ಬೆವರು, ಕೈ ನಡುಕ, ನಿದ್ದೆಯಿಲ್ಲ. ಅತ್ತೆ ದಿಕ್ರ್ ಹೆಚ್ಚಿಸಲು ಹೇಳಿದರು. ನೆರೆಮನೆಯವರು ಎಲ್ಲಿಂದಲೋ ಪುಡಿ ತರಿಸಿಕೊಟ್ಟರು. ಎಂಟು ತಿಂಗಳು ಆಕೆ ಪುಡಿಯನ್ನೂ ಸೇವಿಸಿದಳು, ತಹಜ್ಜುದಿನಲ್ಲಿ ಅತ್ತೂ ಬೇಡಿದಳು. ತನ್ನ ಈಮಾನಿನಲ್ಲಿಯೇ ಏನೋ ದೋಷವಿದೆಯೆಂದು ಒಳಗೊಳಗೆ ಕುಗ್ಗಿಹೋದಳು. ಕೊನೆಗೆ ನರ್ಸಿಂಗ್ ಕಲಿಯುತ್ತಿದ್ದ ತಂಗಿ ರಜೆಗೆ ಬಂದವಳು ಅಕ್ಕ ಸೊರಗಿರುವುದನ್ನು ನೋಡಿ ತಾಲೂಕು ಆಸ್ಪತ್ರೆಗೆ ಕರೆದೊಯ್ದಳು. ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿರುವುದು ತಿಳಿಯಿತು. ಕೆಲವು ತಿಂಗಳ ಚಿಕಿತ್ಸೆಯಿಂದ, ಅಲ್ಲಾಹನ ಕೃಪೆಯಿಂದ, ನಡುಕ ನಿಂತಿತು, ನಿದ್ದೆ ಬಂತು. ಅವಳು ರಾತ್ರಿಯ ನಮಾಝನ್ನು ಬಿಟ್ಟಿಲ್ಲ. ಈಗ ಅದರಲ್ಲಿ ತನ್ನ ಮೇಲಿನ ಸಂಶಯವಿಲ್ಲ, ಕೃತಜ್ಞತೆಯಿದೆ. ಅವಳ ದುಆಕ್ಕೆ ಉತ್ತರ ದೊರೆತಿರಲಿಲ್ಲ ಎನ್ನೋಣವೇ? ತಂಗಿಯ ಕಾಳಜಿಯಲ್ಲಿ ಅಲ್ಲಾಹನ ಉತ್ತರವೇ ಮನೆಗೆ ಬಂದಿತ್ತು.

ಮನೆಯವರು ಮಾಡಬೇಕಾದುದು

ಮೊದಲನೆಯದಾಗಿ, ಕಳವಳವೆಂದು ಹೇಳಿಕೊಂಡವರ ಮಾತನ್ನು ಕೇಳಿರಿ. ಉಪದೇಶವನ್ನು ತುಸು ತಡೆಹಿಡಿಯಿರಿ. ಎದೆಬಡಿತ, ನಡುಕ, ನಿದ್ದೆಗೇಡು ಹಲವು ವಾರ ಮುಂದುವರಿದರೆ ಡಾಕ್ಟರರಿಗೆ ತೋರಿಸಿರಿ. ರಕ್ತಹೀನತೆ ಮತ್ತು ಥೈರಾಯ್ಡ್ ತೊಂದರೆ ಕೂಡಾ ಕಳವಳದ ವೇಷದಲ್ಲಿ ಬರುತ್ತವೆ. ಚಹಾ-ಕಾಫಿಯ ಅತಿಯಾದ ಸೇವನೆಯೂ ಎದೆಬಡಿತವನ್ನು ಹೆಚ್ಚಿಸುತ್ತದೆ.

ಎರಡನೆಯದಾಗಿ, ಮೂಲಿಕೆ ಬೇಕೆಂದಾದರೆ ಪದವಿ ಪಡೆದು ನೋಂದಾಯಿಸಿಕೊಂಡ ಹಕೀಮರ ಅಥವಾ ಆಯುರ್ವೇದ ವೈದ್ಯರ ಬಳಿಗೆ ಹೋಗಿರಿ. ಬೆಂಗಳೂರಿನಲ್ಲಿ ರಾಷ್ಟ್ರೀಯ ಯೂನಾನಿ ವೈದ್ಯ ಸಂಸ್ಥೆಯ ಆಸ್ಪತ್ರೆಯೇ ಇದೆ. ಬೇರೆ ಯಾವ ಮಾತ್ರೆ ಸೇವಿಸುತ್ತಿದ್ದೀರೆಂದು ಅವರಿಗೂ, ಯಾವ ಮೂಲಿಕೆ ಸೇವಿಸುತ್ತಿದ್ದೀರೆಂದು ಡಾಕ್ಟರರಿಗೂ ಬಚ್ಚಿಡದೆ ಹೇಳಿರಿ. ನಿದ್ದೆ ತರಿಸುವ ಮೂಲಿಕೆಯೂ ನಿದ್ದೆಯ ಮಾತ್ರೆಯೂ ಸೇರಿದರೆ ಅಪಾಯವಾದೀತು. ಮನಸ್ಸಿನ ಕಾಯಿಲೆಗೆ ವೈದ್ಯರು ಕೊಟ್ಟ ಮಾತ್ರೆಯನ್ನು ನಿಮ್ಮಷ್ಟಕ್ಕೆ ಒಮ್ಮೆಲೇ ನಿಲ್ಲಿಸಬೇಡಿರಿ.

ಮೂರನೆಯದಾಗಿ, ಕಳವಳವು ಮನೆಗೆಲಸವನ್ನೂ ದುಡಿಮೆಯನ್ನೂ ತಡೆಯುವ ಮಟ್ಟಕ್ಕೆ ಬಂದರೆ, ಬದುಕೇ ಬೇಡವೆಂಬ ಮಾತು ಬಾಯಿಂದ ಹೊರಟರೆ, ಗಂಜಿ-ಕಷಾಯಗಳಲ್ಲಿ ಹೊತ್ತು ಕಳೆಯಬೇಡಿರಿ. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ, ಅವರನ್ನು ಒಂಟಿಯಾಗಿ ಬಿಡಬೇಡಿರಿ. ಅಕ್ಟೋಬರ್ 2022ರಲ್ಲಿ ಸರಕಾರ ಆರಂಭಿಸಿದ ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯ ಸಂಖ್ಯೆ 14416. ಹಗಲೂ ರಾತ್ರಿಯೂ ಶುಲ್ಕವಿಲ್ಲದೆ ಕನ್ನಡದಲ್ಲಿ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಮಾರ್ಗದರ್ಶಕ ಸಂಸ್ಥೆಯಾಗಿದೆ. ಮನೆಯಲ್ಲಿ ಎಲ್ಲರಿಗೂ ಕಾಣುವಲ್ಲಿ ಈ ಸಂಖ್ಯೆಯನ್ನು ಬರೆದಿಡಿರಿ.

ನಾಲ್ಕನೆಯದಾಗಿ, ಹೃದಯದ ನೆಮ್ಮದಿಯ ಮೂಲವನ್ನು ಮರೆಯಬೇಡಿರಿ. ಅಲ್ಲಾಹನ ಸ್ಮರಣೆಯಿಂದ ಹೃದಯಗಳು ಶಾಂತಿ ಹೊಂದುತ್ತವೆಯೆಂದು ಕುರ್‌ಆನ್ 'ಅರ್‍ರಅ್‌ದ್' ಅಧ್ಯಾಯದಲ್ಲಿ ಹೇಳಿರುವುದು ಸತ್ಯ. ಪ್ರವಾದಿವರ್ಯರು(ಸ) ನಮಾಝಿನಲ್ಲಿ ವಿಶ್ರಾಂತಿ ಕಾಣುತ್ತಿದ್ದರು, ಆ ವಿಶ್ರಾಂತಿಗಾಗಿ ಹ. ಬಿಲಾಲ್(ರ)ರಲ್ಲಿ ನಮಾಝಿಗೆ ಕರೆಕೊಡಲು ಹೇಳುತ್ತಿದ್ದರು. ಈ ಸತ್ಯವನ್ನು ನೊಂದವರ ಮೇಲೆ ಆರೋಪವಾಗಿ ಎಸೆಯದೆ ಅವರಿಗೆ ಆಸರೆಯಾಗಿ ನೀಡಬೇಕು. "ನೀನು ನಮಾಝ್ ಮಾಡುವುದಿಲ್ಲ, ಅದಕ್ಕೇ ಹೀಗೆ" ಎನ್ನುವುದಕ್ಕೂ "ಬಾ, ಜೊತೆಗೆ ನಮಾಝ್ ಮಾಡೋಣ, ನಾಳೆ ಬೆಳಗ್ಗೆ ಡಾಕ್ಟರ ಬಳಿಗೂ ಹೋಗೋಣ" ಎನ್ನುವುದಕ್ಕೂ ಎಷ್ಟೊಂದು ಅಂತರವಿದೆ!

ಪ್ರಿಯ ಸಹೋದರ ಸಹೋದರಿಯರೇ, ಬೇರಿನಲ್ಲಿ, ಹೂವಿನಲ್ಲಿ, ಜೇನಿನಲ್ಲಿ ಗುಣವನ್ನಿಟ್ಟವನು ಅಲ್ಲಾಹನು. ಡಾಕ್ಟರರ ಬುದ್ಧಿಯಲ್ಲಿ ಅರಿವನ್ನಿಟ್ಟವನೂ ಅವನೇ. ಒಂದನ್ನು ಅವನದೆಂದೂ ಇನ್ನೊಂದನ್ನು ಪರರದೆಂದೂ ವಿಂಗಡಿಸುವುದು ಬೇಡ. ಮೂಲಿಕೆ ಒಂದಷ್ಟು ಉಪಶಮನ ನೀಡುತ್ತದೆ, ಮಾತ್ರೆ ಇನ್ನಷ್ಟು ನೀಡುತ್ತದೆ, ಆಪ್ತರ ಸಾಮೀಪ್ಯ ಮತ್ತಷ್ಟು ನೀಡುತ್ತದೆ. ಶಮನವನ್ನು ಪೂರ್ಣಗೊಳಿಸುವವನು ಅವನೊಬ್ಬನೇ. ನಿಮ್ಮ ನೆರೆಯಲ್ಲಿ ಇಂದು ರಾತ್ರಿ ನಿದ್ದೆಯಿಲ್ಲದೆ ಹೊರಳಾಡುವ ಜೀವವೊಂದಿದ್ದರೆ, ನಾಳೆ ಒಂದು ಪಾತ್ರೆ ಗಂಜಿಯೊಂದಿಗೆ ಅವರ ಬಾಗಿಲಿಗೆ ಹೋಗಿರಿ. ಗಂಜಿ ಅಲ್ಲಿಟ್ಟು ಬಂದುಬಿಡಬೇಡಿರಿ, ಸ್ವಲ್ಪ ಹೊತ್ತು ಕುಳಿತುಕೊಳ್ಳಿರಿ.

ಕರುಣಾಮಯನಾದ ಅಲ್ಲಾಹನು ಚಿಂತೆಯಿಂದ ಬಳಲುವ ಎಲ್ಲ ಹೃದಯಗಳಿಗೂ ನೆಮ್ಮದಿಯನ್ನು, ರೋಗಿಗಳಿಗೆ ಆರೋಗ್ಯವನ್ನು, ಅವರ ಆರೈಕೆ ಮಾಡುವವರಿಗೆ ಸಹನೆಯನ್ನು ದಯಪಾಲಿಸಲಿ. ಆಮೀನ್.